ಜೀವಕ್ಕೆ ಅಪಾಯವಿಲ್ಲ

ನಾನು ಸಾಫ್ಟ್‌ವೇರ್ ಬರೆಯುವವಳಲ್ಲ. ಬೇರೆಯವರು ಬರೆದದ್ದು ಎಲ್ಲಿ ಕೈಕೊಡುತ್ತದೆ ಎಂದು ಹುಡುಕುವವಳು. ಟೆಸ್ಟರ್ ಅಂತಾರೆ. ಧಾರವಾಡದಿಂದ ಪುಣೆಗೆ ಸೊಸೆಯಾಗಿ ಬಂದು, ಮಗ ಶಾಲೆಗೆ ಹೋಗತೊಡಗಿದ ಮೇಲೆ ಒಂದು ಕೋರ್ಸು ಮುಗಿಸಿ ಈ ಕೆಲಸಕ್ಕೆ ಸೇರಿದೆ. ಮನೆ ಸದಾಶಿವ ಪೇಠದಲ್ಲಿ, ಆಫೀಸು ವಿಮಾನ ನಗರದಲ್ಲಿ. ಬ್ಯಾಂಕು, ವಿಮೆ, ಆಸ್ಪತ್ರೆ ಎಂದು ಎಷ್ಟೋ ಪರದೆಗಳ ಮೇಲೆ ಬೇಕೆಂದೇ ತಪ್ಪು ತಪ್ಪಾಗಿ ಒತ್ತಿ ಏನಾಗುತ್ತದೆ ಎಂದು ನೋಡಿದ್ದೇನೆ. ಸೊಸೆಗೆ ಏನು ಕೆಲಸ ಎಂದು ನೆಂಟರು ಕೇಳಿದರೆ ಅತ್ತೆ, "ಕಂಪ್ಯೂಟರಿನ ತಪ್ಪು ಹುಡುಕತಾಳ" ಎನ್ನುತ್ತಿದ್ದರು. ಅದಕ್ಕಿಂತ ಸರಿಯಾಗಿ ನನಗೂ ಹೇಳಲಿಕ್ಕೆ ಬರುವುದಿಲ್ಲ. ಆದರೆ ಇಲ್ಲಿ ಬರೆಯುತ್ತಿರುವುದು ಕಂಪ್ಯೂಟರಿನ ತಪ್ಪಿನ ಬಗ್ಗೆ ಅಲ್ಲ, ನನ್ನದರ ಬಗ್ಗೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಂಪನಿಗೆ ಸೇನೆಯ ಒಂದು ಕೆಲಸ ಬಂತು. ಸೈನಿಕರ ಮನೆಯವರ ವಿವರಗಳನ್ನು, ಅಂದರೆ ತಂದೆ ತಾಯಿ ಹೆಂಡತಿ, ಊರು, ಫೋನ್ ನಂಬರು, ಮನೆಯಲ್ಲಿ ಆಡುವ ಭಾಷೆ ಎಲ್ಲವನ್ನೂ ಒಂದು ಕಡೆ ಇಟ್ಟು, ಯಾರಿಗಾದರೂ ಗಾಯವೋ ಕಾಯಿಲೆಯೋ ಆದರೆ ಮನೆಯವರಿಗೆ ಅವರದೇ ಭಾಷೆಯಲ್ಲಿ ಬೇಗ ತಿಳಿಸುವ ವ್ಯವಸ್ಥೆ ಅದು. ಸಾವಿನ ಸುದ್ದಿ ಅದರಲ್ಲಿ ಇರಲಿಲ್ಲ. ಅದನ್ನು ಮನುಷ್ಯರೇ ಮನೆಗೆ ಹೋಗಿ ಹೇಳಬೇಕು ಎಂದು ಸೇನೆಯವರು ಮೊದಲೇ ಸ್ಪಷ್ಟಪಡಿಸಿದ್ದರು. ಅವರ ಕಡೆಯಿಂದ ಒಬ್ಬ ಕರ್ನಲ್ ಸಾಹೇಬರು ವಾರಕ್ಕೊಮ್ಮೆ ಬಂದು ಕೆಲಸ ಎಲ್ಲಿಗೆ ಬಂತೆಂದು ನೋಡಿಹೋಗುತ್ತಿದ್ದರು. ಉತ್ತರದ ಕಡೆಯವರು, ಮೆತ್ತಗೆ ಮಾತಾಡುವವರು. ನಮ್ಮ ಕಡೆಯ ಮುಖ್ಯಸ್ಥ ಬೆಂಗಳೂರಿನವನು, ನನಗಿಂತ ಹತ್ತು ವರ್ಷ ಚಿಕ್ಕವನು, ಬುದ್ಧಿವಂತ, ಸದಾ ಅವಸರದಲ್ಲಿರುವವನು.

ಸಂದೇಶಗಳ ಕನ್ನಡ ಮಾದರಿಯನ್ನು ಯಾವುದೋ ಅನುವಾದದ ಸಂಸ್ಥೆ ಮಾಡಿಕೊಟ್ಟಿತ್ತು. "ತಮ್ಮ ಪುತ್ರರು ಗಾಯಾಳುವಾಗಿರುತ್ತಾರೆಂದು ಈ ಮೂಲಕ ತಿಳಿಯಪಡಿಸಲಾಗಿದೆ." ಅದನ್ನು ಓದಿ ನನಗೆ ಸಿಟ್ಟು ಬಂತು. ಊರಲ್ಲಿ ಫೋನು ಹಿಡಿದು ಕೂತ ಯಾವ ತಾಯಿಗೆ ಇದು ತಿಳಿಯಬೇಕು? ಕನ್ನಡ ಬಲ್ಲವರು ನಮ್ಮ ತಂಡದಲ್ಲಿ ಇಬ್ಬರೇ, ಮುಖ್ಯಸ್ಥ ಮತ್ತು ನಾನು. ನಾನೇ ಬರೆಯುತ್ತೇನೆ ಎಂದೆ. ಎರಡು ಸಂಜೆ ಕೂತು ಬರೆದು, ಅಳಿಸಿ, ಕೊನೆಗೆ ಇಷ್ಟು ಮಾಡಿದೆ:

"ನಿಮ್ಮ ಮಗನಿಗೆ ಗಾಯವಾಗಿದೆ. ಜೀವಕ್ಕೆ ಅಪಾಯವಿಲ್ಲ. ಸೇನೆಯ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆದಿದೆ. ಈ ನಂಬರಿಗೆ ಫೋನ್ ಮಾಡಿರಿ."

ಅತ್ತೆಗೆ ಓದಿ ಹೇಳಿದೆ, ತಿಳಿಯುತ್ತದೋ ಇಲ್ಲವೋ ನೋಡೋಣ ಎಂದು. ಅವರು ಅವರೆಕಾಯಿ ಬಿಡಿಸುತ್ತಿದ್ದ ಕೈ ನಿಲ್ಲಿಸಿ, "ಅಯ್ಯ, ಪಾಪ! ಯಾರ ಮಗಾ?" ಎಂದರು.

"ಯಾರ ಮಗಾನೂ ಅಲ್ಲರಿ. ಬರೇ ಟೆಸ್ಟು" ಎಂದು ನಕ್ಕೆ. ಒಳಗೊಳಗೆ ಹೆಮ್ಮೆಯಾಯಿತು. ಮಾತು ನಾಟಿತ್ತು.

ಪರೀಕ್ಷೆಗೆ ನಿಜವಾದ ಸೈನಿಕರ ವಿವರ ನಮಗೆ ಕೊಡುತ್ತಿರಲಿಲ್ಲ. ಕೊಡಬಾರದು ಕೂಡ. ಹೀಗಾಗಿ ಇಲ್ಲದ ಸೈನಿಕರನ್ನು, ಇಲ್ಲದ ಮನೆಗಳನ್ನು ನಾವೇ ಕಟ್ಟಬೇಕು. ನಾನು ಒಬ್ಬ ತಾಯಿಯನ್ನು ಕಟ್ಟಿದೆ. ವಿಧವೆ, ಒಬ್ಬನೇ ಮಗ, ಭಾಷೆ ಕನ್ನಡ. ಫೋನ್ ನಂಬರಿನ ಜಾಗದಲ್ಲಿ ಬರೀ ಸೊನ್ನೆಗಳನ್ನು ಹಾಕಿದರೆ ಸಾಫ್ಟ್‌ವೇರ್ ಒಪ್ಪಲಿಲ್ಲ. ಪರೀಕ್ಷೆಗೆಂದೇ ಇಟ್ಟ ಎರಡು ಫೋನುಗಳ ನಂಬರುಗಳು ಬೇರೆ ಕುಟುಂಬಗಳಿಗೆ ಆಗಲೇ ಬಳಕೆಯಾಗಿದ್ದವು. ಇನ್ನೊಂದು ಬೇಕಾದರೆ ಕೆಳಗಿನ ಮಹಡಿಗೆ ಹೋಗಿ, ಅರ್ಜಿ ಬರೆದು ತರಬೇಕಿತ್ತು. ಊಟದ ಹೊತ್ತಾಗಿತ್ತು. ನನ್ನದೇ ನಂಬರಿನ ಕೊನೆಯ ಎರಡು ಅಂಕಿ ಹಿಂದುಮುಂದು ಮಾಡಿ ಹಾಕಿದೆ. ಹೇಗೂ ನಮ್ಮ ಪರೀಕ್ಷೆಯ ಯಂತ್ರದಿಂದ ಯಾವ ಸಂದೇಶವೂ ಹೊರಗೆ ಹೋಗದಂತೆ ತಡೆ ಹಾಕಿದ್ದರು.

ಅದಾಗಿ ಹತ್ತು ದಿನಕ್ಕೆ, ಒಂದು ಶುಕ್ರವಾರ, ಕರ್ನಲ್ ಸಾಹೇಬರ ಎದುರು ಎಲ್ಲ ತೋರಿಸುವ ದಿನ ಬಂತು. ಸಂದೇಶ ಅವರ ಸ್ವಂತ ಫೋನಿಗೆ ಬರುವುದನ್ನು ಅವರು ನೋಡಬೇಕಿತ್ತು. ಅದಕ್ಕಾಗಿ ನಮ್ಮ ಮುಖ್ಯಸ್ಥ ಒಂದು ಗಂಟೆಯ ಮಟ್ಟಿಗೆ ತಡೆ ತೆಗೆಸಿದ. ಎಲ್ಲರಿಗೂ ಇಂಗ್ಲಿಷಿನಲ್ಲಿ, ನನಗೆ ಕನ್ನಡದಲ್ಲಿ ಬರೆದು ತಿಳಿಸಿದ್ದ: "ಬ್ಲಾಕ್ ತೆಗೀತಿದ್ದೀವಿ, ನಿಮ್ಮ ನಿಮ್ಮ ಡೇಟಾ ಒಮ್ಮೆ ಚೆಕ್ ಮಾಡ್ಕೊಳಿ." ನಾನು ಅದನ್ನು ಓದಿದೆ. ಓದಿ, ಹೆಬ್ಬೆರಳು ಎತ್ತಿದ ಚಿತ್ರ ಒತ್ತಿ ಕಳಿಸಿದೆ. ನನ್ನ ಇಲ್ಲದ ತಾಯಿ ನನಗೆ ನೆನಪಾಗಲೇ ಇಲ್ಲ.

ತೋರಿಸುವುದೆಲ್ಲ ಚೆನ್ನಾಗಿ ಮುಗಿಯಿತು. ಸಾಹೇಬರು ಹೊರಟುಹೋದರು. ನಾಲ್ಕು ಗಂಟೆಯ ಸುಮಾರಿಗೆ ಟೆಸ್ಟಿನ ಮೇಜಿನ ಮೇಲಿದ್ದ ಫೋನು ಬಡಿದುಕೊಂಡಿತು. ಸಂದೇಶದಲ್ಲಿ ಫೋನ್ ಮಾಡಿರಿ ಎಂದು ಕೊಟ್ಟಿದ್ದು ಅದೇ ನಂಬರು. ನಮ್ಮವರೇ ಯಾರೋ ಪರೀಕ್ಷಿಸುತ್ತಿದ್ದಾರೆ ಎಂದುಕೊಂಡು ಎತ್ತಿದೆ.

"ಹಲೋ," ಒಂದು ಹೆಂಗಸಿನ ದನಿ. ಓಡಿ ಬಂದವರ ಹಾಗೆ ಏದುಸಿರು. "ಹಲೋ, ನನ್ನ ಮಗಾ ಎಲ್ಲಿ ಅದಾನ್ರಿ? ಯಾವ ದವಾಖಾನಿ?"

ಕನ್ನಡ. ಅದೂ ನಮ್ಮ ಕಡೆಯ ಕನ್ನಡ. ಆ ಆಫೀಸಿನ ತಂಪಿನಲ್ಲಿ, ಎಲ್ಲರೂ ಮರಾಠಿ, ಹಿಂದಿ, ಇಂಗ್ಲಿಷು ಆಡುವ ಜಾಗದಲ್ಲಿ, ಆ ಮಾತು ಕೇಳಿ ನಾನು ಯಾರೋ ಚೇಷ್ಟೆ ಮಾಡುತ್ತಿದ್ದಾರೆ ಎಂದು ಸುತ್ತ ನೋಡಿದೆ. ಮುಖ್ಯಸ್ಥ ಕಿಟಕಿಯ ಹತ್ತಿರ ನಿಂತು ಯಾರೊಂದಿಗೋ ಬೇರೆ ಫೋನಿನಲ್ಲಿದ್ದ. ಚೇಷ್ಟೆ ಮಾಡುವವರು ಯಾರೂ ಅಲ್ಲಿರಲಿಲ್ಲ.

"ಯಾರ್ರಿ ನೀವು?" ಎಂದೆ.

"ಮೆಸೇಜ್ ಬಂದದರಿ ನನಗ. ಮಗನಿಗೆ ಗಾಯ ಆಗೇದಂತ. ಜೀವಕ್ಕ ಅಪಾಯ ಇಲ್ಲಂತ. ಅಂವ ಮಾತಾಡ್ತಾನೇನ್ರಿ? ಒಂದ ಮಾತು ಆಡ್ಸರಿ."

ಅಷ್ಟರಲ್ಲಿ ತಲೆಯ ಮೇಲೆ ವಾಯುಪಡೆಯ ವಿಮಾನವೊಂದು ಗಾಜು ನಡುಗಿಸಿಕೊಂಡು ಹೋಯಿತು. ವಾಯುಪಡೆಯ ನೆಲೆ ಹತ್ತಿರವೇ, ನಮಗೆ ಅದು ದಿನಾ ಇದ್ದದ್ದೇ. ಆದರೆ ಅವರು ಅದನ್ನು ಕೇಳಿಸಿಕೊಂಡರು. "ಹೌದ್ರಿ, ಕೇಳಸ್ತದ, ವಿಮಾನ ಹಾರಾಕತ್ತಾವ" ಎಂದರು. ಆ ದನಿಯಲ್ಲಿ ನಂಬಿಕೆ ಗಟ್ಟಿಯಾಗುವುದು ನನಗೆ ಗೊತ್ತಾಯಿತು.

ಆಗ ನಾನು ಹೇಳಬೇಕಾದದ್ದು ಒಂದೇ ಮಾತು: ಇದು ಪರೀಕ್ಷೆ, ತಪ್ಪಿ ಬಂದಿದೆ, ಕ್ಷಮಿಸಿರಿ. ನಾಲಿಗೆ ಏಳಲಿಲ್ಲ. ನೌಕರಿಯ ಹೆದರಿಕೆಯೋ, ಆ ದನಿಯ ಹೆದರಿಕೆಯೋ ಇವತ್ತಿಗೂ ನನಗೆ ತಿಳಿಯದು. "ವಿಚಾರ ಮಾಡಿ ಹೇಳ್ತೀನ್ರಿ" ಎಂದು ಫೋನು ಇಟ್ಟೆ.

ಮುಖ್ಯಸ್ಥನಿಗೆ ಹೇಳಿದೆ. ತಡೆ ತೆಗೆದ ಆ ಒಂದು ಗಂಟೆಯಲ್ಲಿ, ಹತ್ತು ದಿನದಿಂದ ಒಳಗೇ ಸಿಕ್ಕಿಕೊಂಡಿದ್ದ ನನ್ನ ಪರೀಕ್ಷೆಯ ಸಂದೇಶವೂ ಹೊರಗೆ ಹೋಗಿತ್ತು. "ಮೇಡಂ, ನೀವು ಏನೂ ಮಾತಾಡ್ಬೇಡಿ. ಇದು ಆರ್ಮಿ ಪ್ರಾಜೆಕ್ಟು. ಮೊದ್ಲು ನಮ್ಮ ಮೇಲಿನವ್ರಿಗೆ ರಿಪೋರ್ಟ್ ಹೋಗ್ಬೇಕು, ಆಮೇಲೆ ಅವ್ರು ಕರ್ನಲ್‌ಗೆ ಹೇಳ್ತಾರೆ. ಅಲ್ಲೀವರೆಗೂ ಯಾರೂ ಆ ಫೋನ್ ಮುಟ್ಟೋ ಹಾಗಿಲ್ಲ" ಎಂದ. ಆ ಫೋನನ್ನು ಡ್ರಾದಲ್ಲಿಟ್ಟು ಬೀಗ ಹಾಕಿದ. ಅವನನ್ನು ನಾನು ದೂರುವುದಿಲ್ಲ. ಅವನಿಗೆ ಗೊತ್ತಿದ್ದ ನಿಯಮ ಅದು. ಶನಿವಾರ, ರವಿವಾರ ರಜೆ. ಆ ಎರಡು ದಿನ ನಾನು ಮನೆಯಲ್ಲಿ ಅಡಿಗೆ ಮಾಡಿದೆ, ಮಗನಿಗೆ ಗಣಿತ ಹೇಳಿಕೊಟ್ಟೆ, ಗಂಡನಿಗೆ ಏನೂ ಹೇಳಲಿಲ್ಲ. ಆ ಹೆಂಗಸಿನ ನಂಬರು ನನಗೆ ಬಾಯಿಪಾಠ. ನನ್ನದೇ ನಂಬರು, ಕೊನೆಯ ಎರಡು ಅಂಕಿ ತಿರುವುಮುರುವು. ಎಷ್ಟು ಸಲ ಒತ್ತಿ ಎಷ್ಟು ಸಲ ಅಳಿಸಿದೆನೋ. ಫೋನು ಮಾಡಲಿಲ್ಲ.

ಸೋಮವಾರ ಬೀಗ ತೆಗೆದಾಗ ಆ ಫೋನಿನ ತುಂಬ ಒಂದೇ ನಂಬರಿನ ಮಿಸ್ಡ್ ಕಾಲ್. ಬೆರಳಿನಿಂದ ಮೇಲೆ ಸರಿಸಿದಷ್ಟೂ ಮುಗಿಯಲಿಲ್ಲ.

ಕರ್ನಲ್ ಸಾಹೇಬರು ಹತ್ತು ಗಂಟೆಗೆ ಬಂದರು. ನಾನೇ ಎಲ್ಲ ಹೇಳಿದೆ, ಹಿಂದಿಯಲ್ಲಿ, ತಡವರಿಸುತ್ತ. ಅವರು ಬಯ್ಯಲಿಲ್ಲ. ಮೇಜಿನ ಮೇಲಿನ ಫೋನು ಎತ್ತಿಕೊಂಡು ಮಿಸ್ಡ್ ಕಾಲುಗಳನ್ನು ಕೊನೆಯವರೆಗೆ ಸರಿಸಿ ನೋಡಿದರು. ಆಮೇಲೆ, "ಮೂರು ದಿನ" ಎಂದರು. ಅಷ್ಟೇ. ಮತ್ತೆ, "ಈಗ ಫೋನ್ ಮಾಡಿ. ನನ್ನ ಮುಂದೆ."

ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.

"ಅಕ್ಕಾರ, ಅವತ್ತು ಬಂದದ್ದು ಖರೇ ಮೆಸೇಜ್ ಅಲ್ಲರಿ," ಎಂದೆ. "ನಾವು ಕಂಪ್ಯೂಟರ್ ಪರೀಕ್ಷಾ ಮಾಡ್ಲಿಕ್ಕತ್ತಿದ್ವಿ. ತಪ್ಪಿ ನಿಮಗ ಬಂತು. ನಿಮ್ಮ ಮಗನಿಗೆ ಏನೂ ಆಗಿಲ್ಲರಿ."

ಆ ಕಡೆಯಿಂದ ಪಾತ್ರೆಗಳ ಸದ್ದು, ಯಾರೋ ಮರಾಠಿಯಲ್ಲಿ ಪೋಳಿ, ಅಂದರೆ ಚಪಾತಿ, ಎಷ್ಟೆಂದು ಕೇಳುವುದು ಕೇಳಿಸಿತು. ಆಮೇಲೆ ಅವರು ನಿಧಾನಕ್ಕೆ ಕೇಳಿದರು:

"ಏನೂ ಆಗಿಲ್ಲಂತ ನಿಮಗ ಹೆಂಗ ಗೊತ್ತಾತ್ರಿ? ಅಂವ ಮನಿ ಬಿಟ್ಟು ಏಳು ವರ್ಷ ಆತು. ಮಿಲಿಟರಿಗೇ ಹೋಗ್ತೀನಂತ ಹೋದಾಂವ. ಅದು ನಿಮಗ ಯಾರು ಹೇಳ್ಯಾರ?"

ನಾನು ಫೋನಿನ ಬಾಯಿ ಮುಚ್ಚಿ ಸಾಹೇಬರಿಗೆ ಹಿಂದಿಯಲ್ಲಿ ಹೇಳಿದೆ. ಅವರು ಎದ್ದು ನಿಂತರು. "ವಿಳಾಸ ಕೇಳಿ. ಇಂಥದ್ದನ್ನು ಫೋನಿನಲ್ಲಿ ಮುಗಿಸಬಾರದು. ನಾನೂ ಬರುತ್ತೇನೆ."

ವಿಳಾಸ ಕೇಳಿ ಬರೆದುಕೊಂಡೆ. ಸದಾಶಿವ ಪೇಠ. ನಮ್ಮ ಮನೆಯಿಂದ ನಾಲ್ಕು ಗಲ್ಲಿ ಆಚೆಗೆ. ಆಮೇಲೆ ಯೋಚಿಸಿದಾಗ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಇಬ್ಬರೂ ಮೂಲೆಯ ಅದೇ ಅಂಗಡಿಯಲ್ಲಿ ಸಿಮ್ ಕೊಂಡಿದ್ದೆವು. ಒಂದರ ಹಿಂದೆ ಒಂದು ನಂಬರಿನ ಸಿಮ್‌ಗಳು ಆ ಅಂಗಡಿಯವನ ಹತ್ತಿರ ಬಂದಿದ್ದವು.

ಒಂದು ಹಳೆಯ ವಾಡೆಯ, ಅಂದರೆ ಹಳೇ ಕಾಲದ ದೊಡ್ಡ ಮನೆಯ, ಕೆಳಗಡೆ ಪೋಳಿ-ಭಾಜಿ ಕೇಂದ್ರ, ಕೋಚಿಂಗ್ ಕ್ಲಾಸಿಗೆ ಬರುವ ಹುಡುಗ ಹುಡುಗಿಯರು ಡಬ್ಬಿ ಕಟ್ಟಿಸಿಕೊಳ್ಳುವ ಜಾಗ. ಅದರ ಹಿಂದೆ ಒಂದು ಕೋಣೆ. ಆಕೆಗೆ ಐವತ್ತು ದಾಟಿರಬಹುದು. ವಿಜಯಪುರದ ಕಡೆಯವರು, ಗಂಡ ತೀರಿದ ಮೇಲೆ ಮಗ ಮಗಳನ್ನು ಕಟ್ಟಿಕೊಂಡು ಪುಣೆಗೆ ಬಂದವರು. ಮಗಳನ್ನು ಮಿರಜಿಗೆ ಕೊಟ್ಟಿದ್ದರು. ಇಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಪೋಳಿ ಲಟ್ಟಿಸುತ್ತಿದ್ದರು. ಮುಂಗೈಗೆ ಹಿಟ್ಟು ಹತ್ತಿತ್ತು. ಸಾಹೇಬರು ಸಾದಾ ಅಂಗಿ ತೊಟ್ಟಿದ್ದರೂ ಅವರ ನಿಲುವು ನೋಡಿಯೇ ಆಕೆ ಸೆರಗು ತಲೆಯ ಮೇಲೆ ಎಳೆದುಕೊಂಡರು.

ಬಾಗಿಲ ಹಿಂದೆ ಒಂದು ಚೀಲ ತುಂಬಿಟ್ಟಿತ್ತು. ಎರಡು ಹೊಸ ಬನಿಯನ್, ಒಂದು ಟವೆಲ್ಲು, ಬಿಸ್ಕೀಟು. ಶುಕ್ರವಾರ ಸಂಜೆಯೇ ಕಟ್ಟಿಟ್ಟದ್ದಂತೆ. "ಯಾವ ಊರಂತ ತಿಳೀಲಿಲ್ಲ, ಅದಕ್ಕ ಗಾಡಿ ಹತ್ತಲಿಲ್ಲರಿ" ಎಂದರು.

ಸಾಹೇಬರು ನೆಲದ ಮೇಲೆಯೇ ಕೂತರು. ನನಗೆ ಹೇಳಿದರು: "ನಾನು ಹೇಳಿದ್ದನ್ನು ಹೇಳಿದ ಹಾಗೇ ಹೇಳಿ. ಮೆತ್ತಗೆ ಮಾಡಬೇಡಿ. ತಪ್ಪು ನಮ್ಮದು. ಆ ಸಂದೇಶ ಯಾರ ಬಗ್ಗೆಯೂ ಅಲ್ಲ. ಇವರ ಮಗನ ಬಗ್ಗೆ ನಮಗೆ ಏನೂ ಗೊತ್ತಿಲ್ಲ."

ನಾನು ಹಾಗೇ ಹೇಳಿದೆ. ಆಕೆ ನನ್ನನ್ನು ನೋಡಲಿಲ್ಲ, ಸಾಹೇಬರ ಬೂಟುಗಳನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ಬಿಟ್ಟಿದ್ದ ಕಪ್ಪು ಬೂಟು, ಕನ್ನಡಿಯ ಹಾಗೆ ಹೊಳೆಯುತ್ತಿದ್ದವು.

"ಒಂದ ಮಾತು ಕೇಳ್ರಿ ಅವರಿಗೆ," ಎಂದರು. "ಬರೇ ತಪ್ಪಾಗಿದ್ರ, ಇಷ್ಟು ದೊಡ್ಡ ಸಾಹೇಬ್ರು ನನ್ನಂಥಾಕಿ ಮನಿಗೆ ಯಾಕ ಬರ್ತಿದ್ರು?"

ಅದನ್ನು ನಾನು ಹಿಂದಿಗೆ ತರಬೇಕಾಯಿತು. ತಂದೆ.  ಸಾಹೇಬರು ಇಪ್ಪತ್ತು ವರ್ಷಕ್ಕೂ ಹೆಚ್ಚು ಸೇವೆ ಮಾಡಿದ ಮನುಷ್ಯ. ಆಕೆಯ ಕಡೆ ನೋಡಲಾರದೆ ತಮ್ಮ ಮೊಣಕಾಲು ನೋಡಿಕೊಂಡದ್ದನ್ನು ನಾನು ಕಂಡೆ. ಸರಿಪಡಿಸಲೆಂದು ನಾವು ಹೋಗಿದ್ದೆವು. ನಾವು ಹೋದದ್ದೇ ಆಕೆಯ ನಂಬಿಕೆಗೆ ಗೂಟ ಹೊಡೆದ ಹಾಗಾಯಿತು.

ಕೊನೆಗೆ ಸಾಹೇಬರು ಮಗನ ವಿವರ ಕೇಳಿದರು. ಆಕೆ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದರು. ಬೆಳಗಾವಿಯಲ್ಲಿ ನಡೆದ ಸೇನಾ ಭರ್ತಿಯ ಚೀಟಿ ಅದರಲ್ಲಿತ್ತು. ಓಟದಲ್ಲಿ ಪಾಸಾಗಿದ್ದ. ಎತ್ತರ ಇತ್ತು. ಎದೆ ಉಬ್ಬಿಸಿದಾಗ ಬೇಕಾದಷ್ಟು ಬರಲಿಲ್ಲವೆಂದು ಹೊರಗೆ ಹಾಕಿದ್ದರು. ಅಲ್ಲಿಂದ ಬಂದವನು ಎರಡು ದಿನ ಊಟ ಬಿಟ್ಟು ಕೂತ. "ಬ್ಯಾರೆ ಕಡೆ ಭರ್ತಿ ಇರ್ತದ, ಅಲ್ಲಿ ಹೋಗ್ತೀನಿ" ಎಂದು ಹೇಳಿ ಹೊರಟ. ಇಪ್ಪತ್ತು ವರ್ಷದ ಹುಡುಗ. ಮತ್ತೆ ಒಂದು ಫೋನೂ ಇಲ್ಲ. ಪೊಲೀಸ್ ಚೌಕಿಯಲ್ಲಿ ಬರೆಸಿದ್ದರಂತೆ. ಬರೆಸಿದ್ದಷ್ಟೇ.

ಸಾಹೇಬರು ಆ ಚೀಟಿಯ, ಫೋಟೋದ ಚಿತ್ರ ತೆಗೆದುಕೊಂಡರು. "ಹುಡುಕಿಸುತ್ತೇನೆ. ಸಿಕ್ಕೇ ಸಿಗುತ್ತಾನೆ ಎಂದು ಹೇಳುವುದಿಲ್ಲ" ಎಂದರು. ನಾನು ಅದನ್ನೂ ಹೇಳಿದ ಹಾಗೇ ಹೇಳಿದೆ. ಆಕೆ ಕೈಮುಗಿದರು. ಎರಡನೆಯ ವಾಕ್ಯ ಅವರಿಗೆ ಕೇಳಿಸಿತೋ ಇಲ್ಲವೋ.

ಅಂದು ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವರು ಕೇಳಿ, "ನೀ ಬೇಕಂತ ಮಾಡಿಲ್ಲಲ್ಲ" ಎಂದರು. ಒಳ್ಳೆಯ ಮಾತೇ. ನನಗೆ ಅದು ತಾಗಲಿಲ್ಲ. ಅತ್ತೆ ಮಾತ್ರ ದೇವರ ಮನೆಯಿಂದ ಹೊರಗೆ ಬಂದು, "ಅವತ್ತ ನೀ ಓದಿದ್ದು ಆಕಿ ಮಗನ ಸುದ್ದೀನ ಅಂತಾತು" ಎಂದರು. ಸಿಟ್ಟಿನಿಂದ ಅಲ್ಲ, ಲೆಕ್ಕ ಕೂಡಿತು ಎನ್ನುವ ಹಾಗೆ.

ಕಂಪನಿಯಲ್ಲಿ ವಿಚಾರಣೆ ನಡೆಯಿತು. ನನಗೆ ಒಂದು ಎಚ್ಚರಿಕೆಯ ಪತ್ರ ಕೊಟ್ಟರು. ಮುಖ್ಯಸ್ಥನಿಗೂ ಕೊಟ್ಟರು. ಪರೀಕ್ಷೆಯ ಪ್ರತಿ ಸಂದೇಶದ ಮೊದಲಲ್ಲಿ "ಇದು ಪರೀಕ್ಷೆ" ಎಂದು ಇರಲೇಬೇಕು, ಯಾರೂ ಕೈಯಿಂದ ನಂಬರು ಕಟ್ಟಬಾರದು ಎಂದಾಯಿತು. ಕರ್ನಲ್ ಸಾಹೇಬರು ಇನ್ನೊಂದು ಬದಲಾವಣೆ ಹಠ ಹಿಡಿದು ಮಾಡಿಸಿದರು. ಗಾಯದ ಸುದ್ದಿಯನ್ನು ಮೊದಲು ಒಬ್ಬ ಮನುಷ್ಯ ಫೋನು ಮಾಡಿ ಹೇಳಬೇಕು, ಹೇಳಿದ್ದಾಗಿದೆ ಎಂದು ಅವನು ಒತ್ತಿದ ಮೇಲೆಯೇ ಸಂದೇಶ ಹೋಗಬೇಕು. ಅದಕ್ಕಾಗಿ ಒಂದೂವರೆ ತಿಂಗಳು ಕೆಲಸ ಮುಂದೆ ಹೋಯಿತು. ನನ್ನ ಕನ್ನಡ ಸಾಲುಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ. ನಾನೇ ಒಮ್ಮೆ ಬದಲಿಸಲು ಕೂತೆ. ಅದಕ್ಕಿಂತ ಚೆನ್ನಾಗಿ ಬರೆಯಲಾಗಲಿಲ್ಲ, ಅದಕ್ಕಿಂತ ಕೆಟ್ಟದಾಗಿ ಬರೆಯಲು ಮನಸ್ಸು ಒಪ್ಪಲಿಲ್ಲ.

ಆಕೆಯ ಕಡೆಗೆ ನಾನು ಹೋಗತೊಡಗಿದೆ. ಆಫೀಸಿನಿಂದ ಬರುವಾಗ ನಾಲ್ಕು ಪೋಳಿ ಕಟ್ಟಿಸಿಕೊಳ್ಳುವ ನೆಪ. ಮೊದಮೊದಲು ಅವರು ಬಾಗಿಲಲ್ಲೇ ಕೇಳುತ್ತಿದ್ದರು: "ಏನರ ತಿಳೀತೇನು, ತಂಗಿ?" ಇಲ್ಲ ಎನ್ನುತ್ತಿದ್ದೆ. ಒಂದು ಸಲ ಅವರು ಆ ಸಂದೇಶ ತೆಗೆದು ನನಗೇ ಓದಲು ಕೊಟ್ಟರು. "ನೋಡು, ಎಷ್ಟು ಛಂದ ಬರದಾರ. ಇದು ಸುಳ್ಳು ಹೆಂಗಾಗ್ತದ?" ನಾನು ಓದಿದೆ. ಅದು ನಾನು ಬರೆದದ್ದು ಎಂದು ಅವರಿಗೆ ಹೇಳಿರಲಿಲ್ಲ. ಪರೀಕ್ಷೆ ಮಾಡುವಾಕೆ ಎಂದಷ್ಟೇ ಅವರಿಗೆ ಗೊತ್ತಿತ್ತು. ಅಳಿಸಿಬಿಡ್ರಿ ಎಂದೆ. ಅವರು ಫೋನು ಸೆರಗಿನಿಂದ ಒರೆಸಿ ಒಳಗಿಟ್ಟರು.

ಎರಡು ತಿಂಗಳಾದ ಮೇಲೆ ಸಾಹೇಬರು ನನಗೆ ಫೋನು ಮಾಡಿದರು. ತಾವು ಹೇಳುವಾಗ ನಾನು ಆಕೆಯ ಹತ್ತಿರ ಇರಬೇಕು ಎಂದರು. ಹಿಟ್ಟಿನ ಡಬ್ಬಿಗಳ ನಡುವೆ ಕೂತು, ಫೋನನ್ನು ನೆಲದ ಮೇಲೆ ಇಟ್ಟು, ಇಬ್ಬರೂ ಕೇಳಿದೆವು. ಆ ಹೆಸರಿನ, ಆ ಊರಿನ, ಆ ತಂದೆಯ ಮಗ ಎಲ್ಲಿಯೂ ಭರ್ತಿ ಆಗಿಲ್ಲ. ನಾನು ಕನ್ನಡದಲ್ಲಿ ಹೇಳಿದೆ. ಅವರು ಲಟ್ಟಣಿಗೆ ತಿರುಗಿಸುತ್ತಲೇ ಇದ್ದರು.

"ಬ್ಯಾರೆ ಹೆಸರು ಕೊಟ್ಟಿರಬಹುದಲ್ಲ," ಎಂದರು.

ಆಮೇಲೆ ಅವರು ಕೇಳುವುದನ್ನು ಬಿಟ್ಟರು. ನನಗೆ ಅದು ಸಮಾಧಾನ ಎನಿಸಬೇಕಿತ್ತು. ಆಗಲಿಲ್ಲ. ಬಾಗಿಲಿಗೆ ಹೋದ ಕೂಡಲೇ ಪೋಳಿ ಕಾಗದದಲ್ಲಿ ಸುತ್ತಿ ಕೈಗೆ ಕೊಡುವರು. ಕಣ್ಣು ಮಾತ್ರ ಒಂದು ಗಳಿಗೆ ನನ್ನ ಮುಖದ ಮೇಲೆ ನಿಲ್ಲುತ್ತಿತ್ತು. ಮನೆಯಲ್ಲಿ ಮಗ ಹೊತ್ತಾಗಿ ಬಂದರೆ ನಾನು ಕಿರಿಚಾಡುತ್ತಿದ್ದೆ. ಗುರುತಿಲ್ಲದ ನಂಬರಿನಿಂದ ಫೋನು ಬಂದರೆ ಎತ್ತುತ್ತಿರಲಿಲ್ಲ. ಆಫೀಸಿನಲ್ಲಿ ಕೂತು ಹೊಸದಾಗಿ ಇಲ್ಲದ ಕುಟುಂಬ ಕಟ್ಟುವಾಗ, ಇವರು ಎಲ್ಲಿಯೋ ಇದ್ದಾರೆ, ನಾನು ಬರೆಯುವುದನ್ನೇ ಕಾಯುತ್ತಿದ್ದಾರೆ ಎನ್ನಿಸುತ್ತಿತ್ತು. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ರಜೆ ತೊಗೊಳ್ಳಿ ಎನ್ನುತ್ತಿದ್ದರು.

ಮಳೆಗಾಲ ಮುಗಿದ ಮೇಲೆ ಕೊನೆಯ ಹಂತದ ಪರೀಕ್ಷೆ ಊರ ಹೊರಗಿನ ಸೇನಾ ನೆಲೆಯಾದ ದೇಹೂ ರೋಡ್‌ನಲ್ಲಿ ಇತ್ತು. ವ್ಯವಸ್ಥೆಯನ್ನು ಮುಂದೆ ನಿಜವಾಗಿ ಬಳಸುವ ಸೇನೆಯ ಗುಮಾಸ್ತರು ಅಲ್ಲಿ ಕೂತು ತಾವೇ ಒತ್ತಿ ನೋಡಬೇಕು, ನಾವು ಪಕ್ಕದಲ್ಲಿ ನಿಂತು ಬರೆದುಕೊಳ್ಳಬೇಕು. ಒಂದು ವಾರದ ಕೆಲಸ. "ಈ ವಾರ ನಾ ಬರೂದಿಲ್ಲರಿ, ದೇಹೂ ರೋಡಿಗೆ ಹೋಗೂದದ" ಎಂದು ಆಕೆಗೆ ಹೇಳಿದ್ದೆ. ಪೋಳಿ ಎತ್ತಿಡಬೇಡಿರಿ ಎನ್ನುವ ಅರ್ಥದಲ್ಲಿ.

ಗುಮಾಸ್ತರಲ್ಲಿ ಒಬ್ಬ ಹವಾಲ್ದಾರ ಗೋಕಾಕದ ಕಡೆಯವನು. ಕನ್ನಡ ಸಂದೇಶ ಪರದೆಯ ಮೇಲೆ ಬಂದಾಗ ಜೋರಾಗಿ ಓದಿದ. "ಯಾರ ಬರದಾರ್ರೀ ಇದನ? ನಮ್ಮವ್ವ ಓದಿದ್ರೂ ತಿಳೀತೈತಿ" ಎಂದ. ನಾನು ಕಾಗದದ ಮೇಲೆ "ಸರಿ ಇದೆ" ಎಂದು ಬರೆದುಕೊಂಡೆ.

ಮೂರನೆಯ ದಿನ ಮಧ್ಯಾಹ್ನ ಗೇಟಿನಿಂದ ಕರೆ ಬಂತು. ಒಬ್ಬ ಹೆಂಗಸು ಬೆಳಿಗ್ಗೆಯಿಂದ ಹೊರಗೆ ನಿಂತಿದ್ದಾರೆ, ಕಳಿಸಿದರೂ ಹೋಗುತ್ತಿಲ್ಲ, ನಿಮ್ಮ ಹೆಸರು ಹೇಳುತ್ತಿದ್ದಾರೆ. ಓಡಿದೆ. ರಸ್ತೆಯ ಆಚೆ ಬೇವಿನ ಮರದ ಕೆಳಗೆ ಅವರು ನಿಂತಿದ್ದರು. ಒಳಗೆ ಹೋಗುವ, ಹೊರಗೆ ಬರುವ ಪ್ರತಿ ಸೈನಿಕನ ಮುಖ ನೋಡುತ್ತಿದ್ದರು. ಒಬ್ಬೊಬ್ಬರನ್ನೂ, ತಲೆ ಎತ್ತಿ, ಬಿಡದೆ. ಅವರಲ್ಲಿ ಹೆಚ್ಚಿನವರು ಆಕೆಯ ಮಗ ಮನೆ ಬಿಟ್ಟಾಗಿನ ವಯಸ್ಸಿನವರು. ಈಗ ಅವನು ಇದ್ದರೆ ಇಪ್ಪತ್ತೇಳರ ಗಂಡಸು. ಅವರು ಹುಡುಕುತ್ತಿದ್ದದ್ದು ಇಪ್ಪತ್ತರವನನ್ನು.

"ಅಕ್ಕಾರ, ನಡೀರಿ, ಮನಿಗೆ ಹೋಗೂಣು," ಎಂದೆ. ಮಗುವಿನ ಹಾಗೆ ಬಂದರು.

ಲೋಕಲ್ ಗಾಡಿಯಲ್ಲಿ ಆ ಹೊತ್ತಿಗೆ ಜನ ಕಡಿಮೆ. ಕಿಟಕಿಯ ಹತ್ತಿರ ಎದುರುಬದುರು ಕೂತೆವು. ಗಾಡಿ ಪಿಂಪರಿ ದಾಟಿತು. ಅವರು ಹೊರಗೆ ನೋಡುತ್ತಲೇ ಅಂದರು:

"ನನಗ ಹುಚ್ಚು ಹಿಡಿದಿಲ್ಲ ತಂಗಿ. ಅದು ಪರೀಕ್ಷಾ ಅಂತ ನನಗ ಗೊತ್ತದ. ಅವತ್ತು ಸಾಹೇಬ್ರು ನನ್ನ ಕಡೆ ನೋಡಲಾರದ ಕೂತಾಗನ ತಿಳೀತು."

"ಮತ್ತ ಇವತ್ತು ಯಾಕ ಬಂದ್ರಿ?"

"ನೋಡಿದ್ರ ಏನು ಹೋಗ್ತದ ಅಂತ ಬಂದೆ." ಕಿಟಕಿಯ ಸರಳು ಹಿಡಿದುಕೊಂಡು, "ಏಳು ವರ್ಷದಾಗ ನಾ ನೆಟ್ಟಗ ಮಲಗಿದ್ದು ಆ ಶುಕ್ರವಾರ, ಶನಿವಾರ, ರವಿವಾರ. ಮೂರು ರಾತ್ರಿ. ಗಾಯ ಆಗೇದ, ಆದರ ದವಾಖಾನ್ಯಾಗ ಅದಾನ, ಮ್ಯಾಲ ಹೊಚಗೊಳ್ಳಾಕ ಕೊಟ್ಟಿರ್ತಾರ, ಹೊತ್ತಿಗೆ ಊಟ ಕೊಡ್ತಾರ ಅಂತ. ಭಾಳ ನಿದ್ದಿ ಬಂತು" ಎಂದರು.

ಆಗ ನಾನು ಹೇಳಿದೆ. ಹೇಳದಿದ್ದರೆ ಆಗುತ್ತಿರಲಿಲ್ಲ. "ಅಕ್ಕಾರ, ಆ ಮೆಸೇಜ್ ಬರದಾಕಿ ನಾನ. ಆ ನಂಬರ್ ಹಾಕಿದಾಕಿನೂ ನಾನ. ಅವತ್ತು ಫೋನ್ ಎತ್ತಿ ವಿಚಾರ ಮಾಡಿ ಹೇಳ್ತೀನಿ ಅಂದಾಕಿನೂ ನಾನ."

ಅವರು ತಿರುಗಿ ನನ್ನನ್ನು ನೋಡಿದರು. ಬೈಯಲಿ, ಹೊಡೆಯಲಿ ಎಂದು ಕಾದೆ. ಅವರ ಮುಖದಲ್ಲಿ ಸಿಟ್ಟು ಹುಡುಕಿದೆ, ಕಾಣಲಿಲ್ಲ. ಕಂಡಿದ್ದರೆ ಚೆನ್ನಾಗಿತ್ತು.

"ಫೋನಿನ ದನಿ ನಿಂದ ಅಂತ ಮೊದಲನ ಗೊತ್ತಿತ್ತು," ಎಂದರು. "ಬರದಾಕಿ ನೀ ಅಂತ ಗೊತ್ತಿರಲಿಲ್ಲ. ಜೀವಕ್ಕ ಅಪಾಯ ಇಲ್ಲ ಅಂತ ಯಾಕ ಬರದಿ?"

"ಓದಿದ ತಾಯಿ ಅಂಜಬಾರದು ಅಂತರಿ."

ಅವರು ತಲೆ ಆಡಿಸಿದರು. "ಅಂಜಲಿಲ್ಲ," ಎಂದರು.

ಶಿವಾಜಿನಗರದಲ್ಲಿ ಇಳಿದು ರಿಕ್ಷಾ ಹಿಡಿದೆವು. ಕೇಂದ್ರದ ಮುಂದೆ ಆಗಲೇ ಸಂಜೆಯ ಡಬ್ಬಿಗೆ ಹುಡುಗರು ಸಾಲು ನಿಂತಿದ್ದರು. ಅವರು ಕೈ ತೊಳೆದು ಒಳಗೆ ಹೋದರು.

ವ್ಯವಸ್ಥೆ ಆ ವರ್ಷದ ಕೊನೆಗೆ ಬಳಕೆಗೆ ಬಂತು. ಆಮೇಲೆ ಅದು ನಮ್ಮ ಕೈಯಲ್ಲಿ ಇರಲಿಲ್ಲ. ಹೇಗೆ ನಡೆದಿದೆ ಎಂದು ನಮಗೆ ಹೇಳುವುದಿಲ್ಲ, ಕೇಳುವ ಹಾಗೂ ಇಲ್ಲ. ಕರ್ನಲ್ ಸಾಹೇಬರಿಗೆ ಬೇರೆ ಕಡೆ ವರ್ಗವಾಯಿತು. ಹೋಗುವ ಮುಂಚೆ ಪೊಲೀಸ್ ಅಧಿಕಾರಿಯೊಬ್ಬರಿಗೆ ಪತ್ರ ಬರೆದು, ಕಾಣೆಯಾದವರ ಹಳೆಯ ದೂರನ್ನು ಮತ್ತೆ ತೆರೆಸಿದರು. ನಾನು ಆಕೆಯ ಜೊತೆ ಚೌಕಿಗೆ ಮೂರು ಸಲ ಹೋಗಿಬಂದೆ. ಬೇರೆ ರಾಜ್ಯಗಳಿಗೂ ಫೋಟೋ ಕಳಿಸಿದರು. ಏನೂ ತಿಳಿಯಲಿಲ್ಲ. ಬದುಕಿದ್ದಾನೆಂದೂ ಇಲ್ಲ, ಇಲ್ಲವೆಂದೂ ಇಲ್ಲ.

ಮುಂದಿನ ಬೇಸಿಗೆಯಲ್ಲಿ ಅವರ ಮಂಡಿ ಕೆಟ್ಟಿತು, ನಿಂತು ಕೆಲಸ ಮಾಡಲಾಗಲಿಲ್ಲ. ಮಗಳು ಬಂದು ಮಿರಜಿಗೆ ಕರೆದುಕೊಂಡು ಹೋದಳು. ಈಗ ತಿಂಗಳಿಗೊಮ್ಮೆ ಅವರೇ ಫೋನು ಮಾಡುತ್ತಾರೆ. ಮೊಮ್ಮಕ್ಕಳ ಶಾಲೆ, ಮಂಡಿಯ ಎಣ್ಣೆ, ಅಲ್ಲಿಯ ನೀರಿನ ತೊಂದರೆ ಎಂದು ಹೇಳುತ್ತಾರೆ. ಮಗನ ಮಾತು ತೆಗೆಯುವುದಿಲ್ಲ. ನಾನೂ ತೆಗೆಯುವುದಿಲ್ಲ. ಮಾತು ಮುಗಿದ ಮೇಲೂ ಅವರು ಕೂಡಲೇ ಫೋನು ಇಡುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಇರುತ್ತಾರೆ, ನಾನು ಇನ್ನೇನಾದರೂ ಹೇಳಬಹುದು ಎನ್ನುವ ಹಾಗೆ. ನಾನೂ ಕಿವಿಗೆ ಹಿಡಿದುಕೊಂಡು ನಿಂತಿರುತ್ತೇನೆ. ಆಮೇಲೆ ಯಾರೋ ಒಬ್ಬರು, ಇಡ್ತೀನಿ ಹಂಗಾರ, ಎನ್ನುತ್ತೇವೆ.